ಪ್ರೌಢಶಾಲೆಯ ವಿಜ್ಞಾನ ಪ್ರಯೋಗ ಪರೀಕ್ಷೆ: ಸಿದ್ಧತೆಯ ಕೆಲವು ವಿಚಾರಗಳು

'ಪರೀಕ್ಷೆ' ಎಂಬ ಶಬ್ದವನ್ನು ಕೇಳಿದೊಡನೆ ವಿದ್ಯಾರ್ಥಿಯ ಎದೆ ನಡುಗುವುದುಂಟು. ಆದರೆ ಆ ಶಬ್ದದ ಮೂಲಾರ್ಥವು ಭಯವನ್ನು ಹುಟ್ಟಿಸುವಂತಹುದಲ್ಲ. 'ಪರಿ' ಎಂದರೆ ಸುತ್ತಲೂ. 'ಈಕ್ಷಣ' ಎಂದರೆ ನೋಡುವುದು. ಒಂದು ವಸ್ತುವನ್ನು ಎಲ್ಲ ಮಗ್ಗುಲುಗಳಿಂದಲೂ ನೋಡುವುದೇ ಪರೀಕ್ಷೆ. 'ಪ್ರಯೋಗ'ವಾದರೋ 'ಯುಜ್' ಧಾತುವಿನಿಂದ ಬಂದುದು. ರೈತನು ಎತ್ತುಗಳನ್ನು ನೊಗಕ್ಕೆ ಹೂಡುವಂತೆ, ತಿಳಿದುದನ್ನು ಕಾರ್ಯಕ್ಕೆ ಹೂಡುವುದು ಎಂದು ಅದರ ತಾತ್ಪರ್ಯ. ಹೀಗಿರುವಾಗ ಪ್ರಯೋಗ ಪರೀಕ್ಷೆಯೆಂದರೆ, ತಿಳಿದುದನ್ನು ಕೈಯಿಂದ ಮಾಡಿ, ಕಣ್ಣಿನಿಂದ ಸುತ್ತಲೂ ನೋಡಿ, ಕಂಡುದನ್ನು ಕಂಡಂತೆಯೇ ನುಡಿಯುವ ಒಂದು ಶಿಸ್ತು. ಈ ಮೂರರಲ್ಲಿ ಒಂದು ಕುಂದಿದರೂ ಪ್ರಯೋಗವು ಬರಿಯ ಆಚರಣೆಯಾಗುತ್ತದೆ.

ದುರ್ದೈವದಿಂದ, ಅನೇಕ ಕಡೆಗಳಲ್ಲಿ ಈ ಸಿದ್ಧತೆಯು ವರ್ಷದ ಕೊನೆಯ ಹದಿನೈದು ದಿನಗಳ ಕೆಲಸವೆಂದು ಭಾವಿಸಲ್ಪಟ್ಟಿದೆ. ಅಷ್ಟು ಕಾಲ ಕಪಾಟಿನಲ್ಲಿದ್ದ ಉಪಕರಣಗಳು ಹೊರಬರುತ್ತವೆ. ಹಿಂದಿನ ವರ್ಷದ ಜಾಣ ವಿದ್ಯಾರ್ಥಿಯ ದಾಖಲೆ ಪುಸ್ತಕವೊಂದು ಕೈಯಿಂದ ಕೈಗೆ ಸಾಗುತ್ತದೆ. ಮೂವತ್ತು ಮಕ್ಕಳ ಮೂವತ್ತು ಪುಸ್ತಕಗಳಲ್ಲಿ ಒಂದೇ ಅಂಕೆ, ಒಂದೇ ವಾಕ್ಯ, ಕೆಲವೊಮ್ಮೆ ಒಂದೇ ಕಾಗುಣಿತದ ತಪ್ಪು ಕಾಣಿಸಿಕೊಳ್ಳುತ್ತದೆ. ಅಂಕಗಳು ಬರಬಹುದು, ವಿಜ್ಞಾನ ಬರುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಎರೆಭೂಮಿಯ ಮಕ್ಕಳಿಗೆ ಈ ಪರೀಕ್ಷೆಯ ಸಿದ್ಧತೆ ಹೇಗೆ ಆಗಬೇಕೆಂಬುದನ್ನು ಇಲ್ಲಿ ಕೆಲಮಟ್ಟಿಗೆ ವಿವೇಚಿಸಲಾಗಿದೆ.

ಅಂಕಗಳ ಲೆಕ್ಕ

ಧಾರವಾಡ ಜಿಲ್ಲೆಯ ಭಾಗವಾಗಿದ್ದ ಈ ಪ್ರದೇಶವು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದಿತು. ೧೯೯೭ರಲ್ಲಿ ಗದಗ ಜಿಲ್ಲೆಯು ರಚಿತವಾದಾಗ ಅದರಲ್ಲಿ ಸೇರಿತು. ೧೯೬೬ರಲ್ಲಿ ಸ್ಥಾಪಿತವಾದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯ ಕಾರ್ಯವನ್ನು ೨೦೨೨ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ನಿರ್ವಹಿಸುತ್ತಿದೆ. ಹತ್ತನೆಯ ತರಗತಿಯ ವಿಜ್ಞಾನ ವಿಷಯಕ್ಕೆ ಲಿಖಿತ ಪರೀಕ್ಷೆಗೆ ೮೦ ಅಂಕಗಳೂ ಆಂತರಿಕ ಮೌಲ್ಯಮಾಪನಕ್ಕೆ ೨೦ ಅಂಕಗಳೂ ಮೀಸಲಾಗಿವೆ. ಚಟುವಟಿಕೆ, ಪ್ರಯೋಗಗಳಿಗೆ ಸ್ಥಾನವಿರುವುದು ಶಾಲೆಯಲ್ಲಿಯೇ ನಡೆಯುವ ಈ ಎರಡನೆಯ ಭಾಗದಲ್ಲಿ.

ಇಪ್ಪತ್ತೇ ಅಂಕಗಳೆಂದು ಅಲಕ್ಷಿಸುವುದು ಎರಡು ಕಾರಣಗಳಿಂದ ತಪ್ಪು. ಒಂದು, ಲಿಖಿತ ಪತ್ರಿಕೆಯಲ್ಲಿಯೂ ಪ್ರಯೋಗದ ಚಿತ್ರವನ್ನು ಬರೆದು ಭಾಗಗಳನ್ನು ಗುರುತಿಸುವ, ಕಾರಣ ಕೊಡುವ ಪ್ರಶ್ನೆಗಳಿರುತ್ತವೆ. ಕೈಯಲ್ಲಿ ಹಿಡಿದು ನೋಡಿದವನ ಚಿತ್ರಕ್ಕೂ ಪುಸ್ತಕದಲ್ಲಿ ಮಾತ್ರ ನೋಡಿದವನ ಚಿತ್ರಕ್ಕೂ ಇರುವ ಅಂತರವನ್ನು ಮೌಲ್ಯಮಾಪಕರು ಬಲ್ಲರು. ಎರಡು, ಮುಂದೆ ದ್ವಿತೀಯ ಪದವಿಪೂರ್ವ ತರಗತಿಯ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ತಲಾ ೩೦ ಅಂಕಗಳ ಪ್ರಾಯೋಗಿಕ ಪರೀಕ್ಷೆಯಿದೆ. ಹಳ್ಳಿಯ ಶಾಲೆಯಿಂದ ಕಾಲೇಜಿಗೆ ಹೋದ ಹುಡುಗಿಯೊಬ್ಬಳು ಅಲ್ಲಿ ಮೊದಲ ಸಲ ಪ್ರನಾಳವನ್ನು ಹಿಡಿಯುವಂತಾದರೆ, ಆಕೆಯ ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ಧೈರ್ಯದಲ್ಲಿ ಕೊರತೆಯುಂಟಾಗುತ್ತದೆ. ವಿಜ್ಞಾನ ಶಾಖೆಯನ್ನೇ ಬಿಟ್ಟು ಬರುವ ಮಕ್ಕಳಲ್ಲಿ ಇಂತಹವರೂ ಇರುತ್ತಾರೆಂಬುದನ್ನು ಶಿಕ್ಷಕರು ಮರೆಯಲಾಗದು.

ಹಗೇವು ಹೇಳುವ ಪಾಠ

ಪ್ರಯೋಗವೆಂಬುದು ಪರದೇಶದಿಂದ ಬಂದ ಗಾಜಿನ ಸಾಮಾನುಗಳ ಆಟವೆಂಬ ಭಾವನೆಯೊಂದಿದೆ. ಈ ಸೀಮೆಯ ಹಿರಿಯರನ್ನು ಬಲ್ಲವರು ಅದನ್ನು ಒಪ್ಪಲಾರರು. ಎರೆಸೀಮೆಯ ಊರುಗಳಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ೨೦೧೯ರ ನಂತರದ ವರ್ಷಗಳಲ್ಲಿ ನರಗುಂದ ಪಟ್ಟಣದ ಮನೆಗಳಲ್ಲಿ ನೆಲ ಕುಸಿದಾಗ, ಮರೆತುಹೋಗಿದ್ದ ಹಳೆಯ ಹಗೇವುಗಳ ಮಾತು ಜನರ ಬಾಯಲ್ಲಿ ಮತ್ತೆ ಬಂದಿತು. ಹಗೇವಿನ ಬಾಯನ್ನು ತೆರೆದ ಕೂಡಲೇ ಒಳಗಿಳಿಯುವ ರೂಢಿಯಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ಅವಸರಪಡುವ ಮೊಮ್ಮಗನಿಗೆ ಅಜ್ಜ, "ತಡೀ ತಮ್ಮಾ, ಮೊದಲ ಕಂದೀಲ ಇಳಿಸೂಣು, ಅದು ಉರಿದರ ನಾವು ಇಳಿಯೂಣು" ಎನ್ನುವ ಮಾತಿನಲ್ಲಿ ಒಂದು ಪ್ರಯೋಗದ ಸರ್ವಾಂಗಗಳೂ ಇವೆ. ಒಳಗಿನ ಗಾಳಿ ಉಸಿರಾಟಕ್ಕೆ ಯೋಗ್ಯವೇ ಎಂದು ತಿಳಿಯುವುದು ಉದ್ದೇಶ. ಕಂದೀಲು ಮತ್ತು ಹಗ್ಗ ಸಾಮಗ್ರಿ. ದೀಪ ಆರುವುದು ಅಥವಾ ಉರಿಯುವುದು ವೀಕ್ಷಣೆ. ಇಳಿಯಬಹುದು ಅಥವಾ ಇಳಿಯಬಾರದೆಂಬುದು ತೀರ್ಮಾನ.

ಇದರ ಕಾರಣವನ್ನು ಪ್ರೌಢಶಾಲೆಯ ವಿದ್ಯಾರ್ಥಿಯು ಹೇಳಬಲ್ಲವನಾಗಬೇಕು. ಕಾಳು ಒಣಗಿದ್ದರೂ ಜೀವವುಳ್ಳದ್ದು. ಅದೂ ಅದರೊಡನಿರುವ ಹುಳು, ಬೂಷ್ಟುಗಳೂ ಆಮ್ಲಜನಕವನ್ನು ಬಳಸಿ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತವೆ. ಬಾಯಿ ಮುಚ್ಚಿದ ಹಗೇವಿನಲ್ಲಿ ಆಮ್ಲಜನಕವು ತಗ್ಗಿ, ಗಾಳಿಗಿಂತ ಭಾರವಾದ ಇಂಗಾಲದ ಡೈ ಆಕ್ಸೈಡು ತಳದಲ್ಲಿ ನಿಲ್ಲುತ್ತದೆ. ಇದನ್ನೇ ತರಗತಿಯಲ್ಲಿ ತೋರಿಸುವುದು ಕಷ್ಟವಲ್ಲ. ಮೊಳಕೆಯೊಡೆದ ಹೆಸರುಕಾಳನ್ನು ಒಂದು ಗಾಜಿನ ಶೀಸೆಯಲ್ಲಿ ಹಾಕಿ, ಸುಣ್ಣದ ತಿಳಿನೀರಿರುವ ಸಣ್ಣ ಬಟ್ಟಲೊಂದನ್ನು ಒಳಗಿರಿಸಿ ಬಿಗಿಯಾಗಿ ಮುಚ್ಚಬೇಕು. ಇನ್ನೊಂದು ಶೀಸೆಯಲ್ಲಿ ಕುದಿಸಿ ಆರಿಸಿದ ಕಾಳನ್ನು ಹಾಕಿ ಹಾಗೆಯೇ ಮಾಡಬೇಕು. ಮರುದಿನ ಮೊದಲನೆಯದರಲ್ಲಿ ತಿಳಿನೀರು ಹಾಲಿನಂತಾಗಿರುವುದು. ಎರಡನೆಯದರಲ್ಲಿ ಬಹುಮಟ್ಟಿಗೆ ತಿಳಿಯಾಗಿಯೇ ಇರುವುದು. ಈ ಎರಡನೆಯ ಶೀಸೆಯೇ ಪ್ರಯೋಗದ ಪ್ರಾಣ. ಅದಿಲ್ಲದಿದ್ದರೆ ಬದಲಾವಣೆಗೆ ಕಾರಣ ಕಾಳಿನ ಜೀವವೋ, ಶೀಸೆಯಲ್ಲಿದ್ದ ಗಾಳಿಯೋ ಎಂಬುದನ್ನು ನಿರ್ಣಯಿಸಲಾಗದು.

ಇಲ್ಲಿಯೇ ಇನ್ನೊಂದು ಎಚ್ಚರಿಕೆಯನ್ನೂ ಕಲಿಸಬೇಕು. ಕಂದೀಲಿನ ಪರೀಕ್ಷೆ ಎಲ್ಲ ಗುಂಡಿಗಳಿಗೂ ಸಲ್ಲುವುದಿಲ್ಲ. ಗೋಬರ್ ಅನಿಲದ ಸ್ಥಾವರ, ಮಲಗುಂಡಿಗಳಲ್ಲಿ ಹೊತ್ತಿಕೊಳ್ಳುವ ಮಿಥೇನ್ ಅನಿಲವಿರುವುದರಿಂದ ಅಲ್ಲಿ ದೀಪವನ್ನು ಒಯ್ಯುವುದೇ ಅಪಾಯ. ದೀಪಕ್ಕೆ ಕಾಣದ ವಿಷಾನಿಲಗಳೂ ಉಂಟು. ಆದುದರಿಂದ ದೀಪ ಉರಿದ ಮಾತ್ರಕ್ಕೆ ನಿರ್ಭಯವಾಗಿ ಇಳಿಯುವುದೂ ಸಲ್ಲದು. ಯಾವ ಪರೀಕ್ಷೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ವಿವೇಕವು ಪ್ರಯೋಗ ಜ್ಞಾನದ ಮುಖ್ಯ ಅಂಗ. ಈ ಒಂದು ಪಾಠವನ್ನು ಚೆನ್ನಾಗಿ ಕಲಿತವನು ಒಂದು ದಿನ ಒಂದು ಜೀವವನ್ನು ಉಳಿಸಬಹುದು.

ಕಂಡುದು, ಊಹಿಸಿದುದು

ಭಾರತೀಯ ತರ್ಕಶಾಸ್ತ್ರವು ಪ್ರತ್ಯಕ್ಷ, ಅನುಮಾನಗಳನ್ನು ಬೇರೆ ಬೇರೆ ಪ್ರಮಾಣಗಳೆಂದು ಎಣಿಸಿದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಅನುಮಾನಿಸುವುದು ಆ ಶಾಸ್ತ್ರದ ಪ್ರಸಿದ್ಧ ನಿದರ್ಶನ. ಮಳೆಗಾಲದ ಬೆಳಗಿನಲ್ಲಿ ನರಗುಂದದ ಗುಡ್ಡದ ಮೇಲೆ ಕವಿದ ಮಂಜನ್ನು ಹೊಗೆಯೆಂದು ಭ್ರಮಿಸಿದವನಿಗೆ ಅಲ್ಲಿ ಬೆಂಕಿ ದೊರೆಯದು. ಕಂಡುದೇ ತಪ್ಪಾದರೆ ಊಹೆಯೂ ತಪ್ಪಾಗುತ್ತದೆ. ಪ್ರಯೋಗಶಾಲೆಯಲ್ಲಿ ಮಕ್ಕಳು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡನ್ನು ಬೆರೆಸುವುದರಿಂದಲೇ ಆಗುವಂತಹವು.

ಸತುವಿನ ಚೂರುಗಳ ಮೇಲೆ ಸಾರರಿಕ್ತ ಆಮ್ಲವನ್ನು ಹಾಕಿದ ವಿದ್ಯಾರ್ಥಿಯು ವೀಕ್ಷಣೆಯ ಕಲಮಿನಲ್ಲಿ 'ಹೈಡ್ರೋಜನ್ ಹೊರಬಂದಿತು' ಎಂದು ಬರೆಯುವನು. ಹೈಡ್ರೋಜನ್ನನ್ನು ಕಣ್ಣಿನಿಂದ ಕಂಡವರುಂಟೇ? ಅವನು ಕಂಡುದು ಗುಳ್ಳೆಗಳನ್ನು. ಉರಿಯುವ ಕಡ್ಡಿಯನ್ನು ಪ್ರನಾಳದ ಬಾಯಿಯ ಬಳಿ ಹಿಡಿದಾಗ ಕೇಳಿದುದು 'ಪಟ್' ಎಂಬ ಸದ್ದನ್ನು. ಇವೆರಡೂ ವೀಕ್ಷಣೆ, ಹೈಡ್ರೋಜನ್ ಎಂಬುದು ತೀರ್ಮಾನ. ಕಬ್ಬಿಣದ ಮೊಳೆಯನ್ನು ಮೈಲುತುತ್ತದ ದ್ರಾವಣದಲ್ಲಿ ಇಟ್ಟಾಗ ನೀಲಿಬಣ್ಣ ಮಸುಕಾಗಿ ಮೊಳೆಯ ಮೇಲೆ ಕಂದುಬಣ್ಣದ ಲೇಪ ಕಾಣಿಸುವುದು ವೀಕ್ಷಣೆ; ಕಬ್ಬಿಣವು ತಾಮ್ರವನ್ನು ಸ್ಥಾನಪಲ್ಲಟಗೊಳಿಸಿತೆಂಬುದು ತೀರ್ಮಾನ.

ಸುಣ್ಣದ ತಿಳಿನೀರು ಹಾಲಿನಂತಾಯಿತೆಂದ ಮಾತ್ರಕ್ಕೆ ಅದು ಇಂಗಾಲದ ಡೈ ಆಕ್ಸೈಡೇ ಎಂದು ಹೇಳಿಬಿಡುವುದು ತಾರ್ಕಿಕರ ದೃಷ್ಟಿಯಲ್ಲಿ ವ್ಯಭಿಚಾರಿ ಹೇತು. ಏಕೆಂದರೆ ಗಂಧಕದ ಡೈ ಆಕ್ಸೈಡೂ ತಿಳಿನೀರನ್ನು ಹಾಲಿನಂತೆ ಮಾಡಬಲ್ಲದು. ಆದರೆ ಅದಕ್ಕೆ ಮೂಗನ್ನು ಕೊರೆಯುವ ಘಾಟು ಇದೆ, ಇದಕ್ಕೆ ವಾಸನೆಯಿಲ್ಲ. ಎರಡು ಲಕ್ಷಣಗಳನ್ನು ಕೂಡಿಸಿದಾಗಲೇ ನಿರ್ಣಯವು ಗಟ್ಟಿಯಾಗುತ್ತದೆ.

ಇನ್ನು ಸೂಕ್ಷ್ಮವಾದ ಪ್ರಸಂಗವೊಂದುಂಟು. ತಿಳಿನೀರಿನೊಳಗೆ ಕೊಳವೆಯಿಂದ ಉಸಿರನ್ನು ಊದಿದಾಗ ಅದು ಹಾಲಿನಂತಾಗುತ್ತದೆ. ಉತ್ಸಾಹದಿಂದ ಬಹಳ ಹೊತ್ತು ಊದುತ್ತಲೇ ಹೋದರೆ ಅದು ಮತ್ತೆ ತಿಳಿಯಾಗುತ್ತದೆ. ಪಠ್ಯದಲ್ಲಿ 'ಹಾಲಿನಂತಾಗುತ್ತದೆ' ಎಂದಷ್ಟೇ ಓದಿಕೊಂಡ ಮಗು ಇದನ್ನು ಕಂಡು ಗಾಬರಿಯಾಗಿ, ತಪ್ಪು ಮಾಡಿದೆನೆಂದು ಭಾವಿಸಿ, ಪ್ರನಾಳವನ್ನು ಚೆಲ್ಲಿ, ಪುಸ್ತಕದಲ್ಲಿದ್ದುದನ್ನೇ ಬರೆದುಬಿಡುತ್ತದೆ. ವಾಸ್ತವದಲ್ಲಿ ಅದು ಕಂಡುದು ತಪ್ಪಲ್ಲ. ಮೊದಲು ಉಂಟಾದ ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಹೆಚ್ಚಿನ ಅನಿಲದೊಡನೆ ಸೇರಿ ಕರಗುವ ಬೈಕಾರ್ಬೊನೇಟಾಯಿತು. ಮಗು ತನಗರಿವಿಲ್ಲದೆ ಪಾಠದ ಮುಂದಿನ ಹೆಜ್ಜೆಯನ್ನಿಟ್ಟಿದ್ದಿತು. ಅಂಜಿಕೆಯು ಅದನ್ನು ಹಿಂದಕ್ಕೆಳೆಯಿತು. ಆ ಗಳಿಗೆಯಲ್ಲಿ ಶಿಕ್ಷಕನು ಬಳಿಯಲ್ಲಿದ್ದು, "ಏನು ಕಂಡಿಯೋ ಅದನ್ನೇ ಬರಿ" ಎಂದರೆ ಆ ಮಗುವಿಗೆ ವಿಜ್ಞಾನವೂ ದೊರೆಯಿತು, ಸತ್ಯನಿಷ್ಠೆಯೂ ದೊರೆಯಿತು. ಸಿದ್ಧತೆಯ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ದಾಖಲೆ ಪುಸ್ತಕದ ಭಾಷೆ

ವಿಜ್ಞಾನದ ಬರವಣಿಗೆಯಲ್ಲಿ ಭಾಷೆ ಹೇಗಿದ್ದರೂ ನಡೆದೀತೆಂಬ ಉದಾಸೀನವು ಸಲ್ಲದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ೧೯೧೮ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಆರಂಭಿಸಿದಾಗಿನಿಂದ ಕನ್ನಡವು ಈ ಶಾಸ್ತ್ರದ ಭಾರವನ್ನು ಹೊರಲು ಪಳಗುತ್ತ ಬಂದಿದೆ. ಆ ಪಳಗಿಕೆಯು ವಿದ್ಯಾರ್ಥಿಯ ಲೇಖನಿಗೂ ಇಳಿಯಬೇಕು.

ಪಠ್ಯಪುಸ್ತಕದಲ್ಲಿ 'ತೆಗೆದುಕೊಳ್ಳಿರಿ, ಕಾಯಿಸಿರಿ, ಗಮನಿಸಿರಿ' ಎಂಬ ವಿಧ್ಯರ್ಥಕ ರೂಪಗಳಿರುತ್ತವೆ. ಅದು ಗುರುವು ಶಿಷ್ಯನಿಗೆ ಹೇಳುವ ಮಾತು. ದಾಖಲೆ ಪುಸ್ತಕವಾದರೋ ಶಿಷ್ಯನು ಮಾಡಿ ಬಂದು ಹೇಳುವ ಮಾತು. ಅಲ್ಲಿ 'ತೆಗೆದುಕೊಂಡೆನು, ಕಾಯಿಸಿದೆನು' ಎಂಬ ಭೂತಕಾಲದ ರೂಪವೋ, 'ಕಾಯಿಸಲಾಯಿತು' ಎಂಬ ಕರ್ಮಣಿ ಪ್ರಯೋಗವೋ ಇರಬೇಕು. ದಾಖಲೆ ಪುಸ್ತಕದಲ್ಲಿ 'ಗಮನಿಸಿರಿ' ಎಂಬ ಪದವು ಕಂಡರೆ, ವಿದ್ಯಾರ್ಥಿಯು ಪ್ರಯೋಗವನ್ನು ಮಾಡಿಲ್ಲ, ಪುಸ್ತಕವನ್ನು ಇಳಿಸಿಕೊಂಡಿದ್ದಾನೆಂದು ತಿಳಿಯಲು ಬೇರೆ ಸಾಕ್ಷಿ ಬೇಕಿಲ್ಲ. ಒಂದು ಕ್ರಿಯಾಪದವೇ ಎಲ್ಲವನ್ನೂ ಹೇಳಿಬಿಡುತ್ತದೆ.

ವಿಶೇಷಣಗಳ ವಿಷಯದಲ್ಲಿಯೂ ಎಚ್ಚರ ಬೇಕು. ಬಣ್ಣವಿಲ್ಲದ ದ್ರಾವಣವನ್ನು ಮಕ್ಕಳು 'ಬಿಳಿ ದ್ರಾವಣ' ಎನ್ನುವುದು ಸಾಮಾನ್ಯ. ಹಾಲು ಬಿಳಿ, ನೀರು ನಿರ್ವರ್ಣ. 'ತಿಳಿ' ಎಂದರೆ ಪಾರದರ್ಶಕವೇ ಹೊರತು ಬಣ್ಣವಿಲ್ಲದ್ದೆಂದಲ್ಲ; ಮೈಲುತುತ್ತದ ದ್ರಾವಣವು ನೀಲಿಯೂ ಹೌದು, ತಿಳಿಯೂ ಹೌದು. 'ಕರಗು' ಎಂಬ ಒಂದೇ ಪದವು ಬೆಣ್ಣೆ ಕರಗುವುದಕ್ಕೂ ಸಕ್ಕರೆ ನೀರಿನಲ್ಲಿ ಕರಗುವುದಕ್ಕೂ ಬಳಕೆಯಲ್ಲಿದೆ. ಮೊದಲನೆಯದು ಕಾವಿನಿಂದ ದ್ರವವಾಗುವುದು, ಎರಡನೆಯದು ದ್ರಾವಣದಲ್ಲಿ ಲೀನವಾಗುವುದು. ಯಾವುದೆಂಬುದನ್ನು ವಾಕ್ಯವೇ ಸ್ಪಷ್ಟಪಡಿಸಬೇಕು. ವಿಜ್ಞಾನ ಶಿಕ್ಷಕರೂ ಕನ್ನಡ ಶಿಕ್ಷಕರೂ ವರ್ಷಕ್ಕೊಮ್ಮೆಯಾದರೂ ಜೊತೆಗೂಡಿ ದಾಖಲೆ ಪುಸ್ತಕಗಳನ್ನು ತಿದ್ದಿದರೆ ಎರಡೂ ವಿಷಯಗಳಿಗೆ ಲಾಭವುಂಟು.

ಅಳತೆಯ ಪ್ರಾಮಾಣಿಕತೆ

ಅಳತೆಯೆಂದರೆ ಪೂರ್ವನಿಶ್ಚಿತ ಉತ್ತರಕ್ಕೆ ಅಂಕೆಗಳನ್ನು ಹೊಂದಿಸುವುದಲ್ಲ. ಓಮನ ನಿಯಮದ ಪ್ರಯೋಗವನ್ನು ತೆಗೆದುಕೊಂಡರೆ ವಿಷಯವು ವಿಶದವಾಗುತ್ತದೆ. ೧೮೨೭ರಲ್ಲಿ ಜರ್ಮನಿಯ ಶಿಕ್ಷಕನಾದ ಗಿಯೋರ್ಗ್ ಓಮನು ಪ್ರಕಟಿಸಿದ ಈ ನಿಯಮದಂತೆ, ತಾಪವು ಬದಲಾಗದಿದ್ದರೆ, ವಾಹಕದ ವಿಭವಾಂತರವು ಅದರಲ್ಲಿ ಹರಿಯುವ ವಿದ್ಯುತ್ತಿಗೆ ಅನುಪಾತೀಯ. ಒಬ್ಬ ವಿದ್ಯಾರ್ಥಿಯು ೧.೦, ೧.೬, ೨.೧, ೨.೫ ವೋಲ್ಟುಗಳಿಗೆ ಕ್ರಮವಾಗಿ ೦.೨೦, ೦.೩೧, ೦.೪೩, ೦.೫೦ ಆಂಪಿಯರುಗಳನ್ನು ಕಂಡನೆಂದು ಭಾವಿಸೋಣ. ಭಾಗಿಸಿದಾಗ ದೊರೆಯುವ ರೋಧಗಳು ೫.೦, ೫.೨, ೪.೯, ೫.೦ ಓಮ್, ಸರಾಸರಿ ೫.೦. ಇನ್ನೊಬ್ಬನ ಪುಸ್ತಕದಲ್ಲಿ ನಾಲ್ಕಕ್ಕೆ ನಾಲ್ಕೂ ೫.೦೦ ಎಂದಿದ್ದರೆ, ಅನುಭವವುಳ್ಳ ಪರೀಕ್ಷಕನು ಸಂದೇಹಪಡುವುದು ಎರಡನೆಯವನನ್ನೇ. ಸೂಜಿಯು ಗೆರೆಯ ಮೇಲೆಯೇ ಪ್ರತಿ ಸಲವೂ ನಿಲ್ಲುವುದಿಲ್ಲ. ಕಣ್ಣು ಪ್ರತಿ ಸಲವೂ ನೇರವಾಗಿರುವುದಿಲ್ಲ. ಈ ಸಣ್ಣ ಏರುಪೇರೇ ಪ್ರಾಮಾಣಿಕತೆಯ ಮುದ್ರೆ. ಅಮ್ಮೀಟರು ಸರಣಿಯಲ್ಲಿ, ವೋಲ್ಟ್‌ಮೀಟರು ಸಮಾಂತರದಲ್ಲಿ ಇರಬೇಕೆಂಬುದನ್ನೂ, ವಿದ್ಯುತ್ತನ್ನು ಹರಿಸುವ ಮುನ್ನ ಸೂಜಿಯು ಸೊನ್ನೆಯ ಮೇಲಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಅಳತೆ ಮುಗಿದೊಡನೆ ಕೀಲಿಯನ್ನು ತೆಗೆಯದಿದ್ದರೆ ತಂತಿ ಕಾದು ರೋಧವೇ ಹೆಚ್ಚುತ್ತದೆ.

ಪೀನ ಮಸೂರದ ಸಂಗಮ ದೂರವನ್ನು ಕಂಡುಹಿಡಿಯುವ ಪ್ರಯೋಗಕ್ಕೆ ಈ ಸೀಮೆಯ ಪ್ರಕೃತಿಯೇ ಉಪಕರಣವಾಗಿದೆ. 'ದೂರದ ವಸ್ತು' ಎಂದು ಪುಸ್ತಕ ಹೇಳುವುದನ್ನು ಮಕ್ಕಳು ಎದುರಿನ ಕಿಟಕಿಯೆಂದೇ ತಿಳಿಯುವುದುಂಟು. ಸಂಗಮ ದೂರವು ೨೦ ಸೆಂಟಿಮೀಟರ್ ಇರುವ ಮಸೂರದ ಎದುರು ೨ ಮೀಟರ್ ದೂರದ ಕಿಟಕಿಯಿದ್ದರೆ ಬಿಂಬವು ೨೨.೨ ಸೆಂಟಿಮೀಟರಿನಲ್ಲಿ ಮೂಡುತ್ತದೆ. ೧೦ ಮೀಟರ್ ದೂರದ ಬೇವಿನ ಮರವಾದರೆ ೨೦.೪ರಲ್ಲಿ, ಒಂದು ಕಿಲೋಮೀಟರ್ ಆಚೆಯ ವಸ್ತುವಾದರೆ ೨೦ರಿಂದ ಬೇರೆಯೆಂದು ಅಳೆಯಲಾಗದಷ್ಟು ಹತ್ತಿರದಲ್ಲಿ. ನರಗುಂದದ ಮಕ್ಕಳಿಗೆ ಗುಡ್ಡವಿದೆ. ಗಜೇಂದ್ರಗಡದ ಮಕ್ಕಳಿಗೆ ಗುಡ್ಡದ ಜೊತೆಗೆ ಅದರ ಮೇಲಿನ ಗಾಳಿಯಂತ್ರಗಳಿವೆ. ಕೋಣೆಯ ಕದವನ್ನು ಓರೆಮಾಡಿ ಕತ್ತಲಾಗಿಸಿ, ಗಾಳಿಯಂತ್ರದ ಬಿಂಬವನ್ನು ಹಾಳೆಯ ಮೇಲೆ ಹಿಡಿದರೆ ಅದು ತಲೆಕೆಳಗಾಗಿ ತಿರುಗುತ್ತಿರುವುದು ಕಾಣುತ್ತದೆ. ಆಗ ಶಿಕ್ಷಕನು ಕೇಳಬಹುದು: ಬಿಂಬದ ರೆಕ್ಕೆಗಳು ತಿರುಗುವ ದಿಕ್ಕು ಗುಡ್ಡದ ಮೇಲಿನ ರೆಕ್ಕೆಗಳದ್ದೇ ಆಗಿದೆಯೇ? ಗುಡ್ಡಕ್ಕೆ ಬೆನ್ನುಮಾಡಿ ಹಾಳೆಯನ್ನು ನೋಡುವವನಿಗೆ ದಿಕ್ಕು ತಿರುವುಮುರುವಾಗಿರುತ್ತದೆ. ಎಣ್ಣೆ ಸವರಿದ ತೆಳುಹಾಳೆಯ ಹಿಂದೆ ನಿಂತು, ಗುಡ್ಡದತ್ತ ಮುಖಮಾಡಿ ನೋಡುವವನಿಗೆ ಅದೇ ದಿಕ್ಕಾಗಿರುತ್ತದೆ. ಇಂತಹ ಪ್ರಶ್ನೆಗೆ ಉತ್ತರವು ಮಾರ್ಗದರ್ಶಿಗಳಲ್ಲಿ ದೊರೆಯದು. ಮಗುವು ಎರಡೂ ಬದಿಗೆ ನಿಂತು ನೋಡಲೇಬೇಕು.

ಊರಿನ ಕಾಲಮಾನಕ್ಕೆ ಹೊಂದಿದ ವರ್ಷಕ್ರಮ

ರೈತನು ಬಿತ್ತುವ ಕಾಲಕ್ಕೆ ಬಿತ್ತದಿದ್ದರೆ ಸುಗ್ಗಿಯಲ್ಲಿ ರಾಶಿಯಿಲ್ಲ. ಪ್ರಯೋಗಗಳಿಗೂ ಒಂದು ಕ್ರಮ ಬೇಕು. ಅದು ಊರಿನ ಋತುಮಾನಕ್ಕೆ ಹೊಂದಿದ್ದರೆ ಖರ್ಚೂ ಕಡಿಮೆ, ಅರ್ಥವೂ ಹೆಚ್ಚು.

ಜೂನ್, ಜುಲೈಗಳಲ್ಲಿ ಮಳೆಯ ನೀರನ್ನೂ ಕೊಳವೆಬಾವಿಯ ನೀರನ್ನೂ ಕಾಲುವೆಯ ನೀರನ್ನೂ ಬೇರೆ ಬೇರೆ ಪ್ರನಾಳಗಳಲ್ಲಿ ಸಮ ಪ್ರಮಾಣದಲ್ಲಿ ತೆಗೆದುಕೊಂಡು, ಪ್ರತಿಯೊಂದಕ್ಕೂ ಎಣಿಸಿದಷ್ಟೇ ಹನಿ ಸಾಬೂನಿನ ದ್ರಾವಣವನ್ನು ಹಾಕಿ ಕುಲುಕಿಸಿದರೆ ನೀರಿನ ಗಡಸುತನದ ಪಾಠವಾಗುತ್ತದೆ. ಯಾವ ನೀರಿನಲ್ಲಿ ನೊರೆ ಏಳುತ್ತದೆ, ಯಾವುದರಲ್ಲಿ ಚರಟ ಕಟ್ಟುತ್ತದೆ ಎಂಬುದು ತಾಯಂದಿರಿಗೆ ಬಟ್ಟೆ ಒಗೆಯುವಾಗಲೇ ತಿಳಿದಿರುತ್ತದೆ. ಮಗುವು ಮನೆಯಲ್ಲಿ ಕೇಳಿ ಬಂದು ಶಾಲೆಯಲ್ಲಿ ನೋಡಲಿ. ಆಗಸ್ಟ್, ಸೆಪ್ಟೆಂಬರುಗಳಲ್ಲಿ ಹೆಸರು ಮನೆಗೆ ಬರುತ್ತದೆ. ಮೊಳಕೆ, ಉಸಿರಾಟದ ಪ್ರಯೋಗಗಳಿಗೆ ಅದೇ ಸಮಯ. ಉಳ್ಳಾಗಡ್ಡಿ ಕೀಳುವ ದಸರೆ, ದೀಪಾವಳಿಗಳ ಸುಮಾರಿಗೆ ಅದರ ತೆಳುಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜೀವಕೋಶಗಳ ಗೋಡೆಗಳನ್ನು ಗುರುತಿಸಬಹುದು. ಉಳ್ಳಾಗಡ್ಡಿಯ ವಾಸನೆ ಹತ್ತಿದ ಬಟ್ಟೆಯ ಚೂರುಗಳಲ್ಲಿ ಒಂದರ ಮೇಲೆ ಸಾರರಿಕ್ತ ಆಮ್ಲವನ್ನೂ ಇನ್ನೊಂದರ ಮೇಲೆ ಸಾರರಿಕ್ತ ಪ್ರತ್ಯಾಮ್ಲವನ್ನೂ ಹಾಕಿ ನೀರಿನಲ್ಲಿ ಜಾಲಾಡಿಸಿದರೆ, ಪ್ರತ್ಯಾಮ್ಲ ಬಿದ್ದ ಚೂರಿನಲ್ಲಿ ವಾಸನೆ ಉಳಿಯದು. ಅರಿಷಿಣ, ದಾಸವಾಳಗಳಂತೂ ಎಲ್ಲ ಕಾಲಕ್ಕೂ ದೊರೆಯುವ ಸೂಚಕಗಳು.

ಹಿಂಗಾರಿಯ ಕಡಲೆ, ಜೋಳಗಳು ಹೊಲದಲ್ಲಿರುವ ಚಳಿಗಾಲದಲ್ಲಿ ಮಣ್ಣಿನ ಪ್ರಯೋಗಗಳಾಗಲಿ. ಎರೆಮಣ್ಣಿನಲ್ಲಿ ದೊರೆಯುವ ಸುಣ್ಣದ ಹರಳುಕಲ್ಲನ್ನು ಆರಿಸಿ ತಂದು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿಯನ್ನು ಹಾಕಿದರೆ ಅದು ಬುರುಬುರು ನೊರೆಯುತ್ತದೆ. ಆ ಅನಿಲವನ್ನು ತಿಳಿನೀರಿನಲ್ಲಿ ಹಾಯಿಸಿ ಪರೀಕ್ಷಿಸಬಹುದು. ಮಲಪ್ರಭೆಯ ಕಾಲುವೆ ಬಂದ ಮೇಲೆ ಸವಳಾದ ಹೊಲದ ಮಣ್ಣನ್ನೂ ಒಣಬೇಸಾಯದ ಹೊಲದ ಮಣ್ಣನ್ನೂ ಭಟ್ಟಿ ಇಳಿಸಿದ ನೀರಿನಲ್ಲಿ ಕದಡಿ, ಸೋಸಿ, ಸೂಚಕ ಕಾಗದದಿಂದ ಹೋಲಿಸಿದ ವಿದ್ಯಾರ್ಥಿಯು ತನ್ನ ತಂದೆಯ ಹೊಲದ ಕಷ್ಟವನ್ನು ಶಾಸ್ತ್ರದ ಕಣ್ಣಿನಿಂದ ಕಂಡಂತಾಯಿತು.

ಕೆಲವು ಪ್ರಯೋಗಗಳನ್ನು ಹಿಂದಿನ ರಾತ್ರಿ ಸಿದ್ಧಗೊಳಿಸಲು ಸಾಧ್ಯವೇ ಇಲ್ಲ. ಎಲೆಯಲ್ಲಿ ಪಿಷ್ಟವನ್ನು ತೋರಿಸಬೇಕಾದರೆ ಕುಂಡದ ಗಿಡವನ್ನು ಮೂರು ದಿನ ಕತ್ತಲೆಯಲ್ಲಿಟ್ಟು, ಬಳಿಕ ಎಲೆಯ ಒಂದು ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಆರು ತಾಸು ಬಿಸಿಲಿಗಿಡಬೇಕು. ಅಷ್ಟಾದ ಮೇಲೆಯೇ ಎಲೆಯನ್ನು ನೀರಿನಲ್ಲಿ ಕುದಿಸಿ, ಮದ್ಯಸಾರದಲ್ಲಿ ಹಸಿರನ್ನು ತೆಗೆದು, ಅಯೋಡಿನ್ ಹನಿ ಹಾಕಬೇಕು. ತಾಳ್ಮೆಯಿಲ್ಲದವನಿಗೆ ಎಲೆಯು ಉತ್ತರ ಕೊಡುವುದಿಲ್ಲ.

ಎಚ್ಚರಿಕೆಗಳು

ಅಂಜಿಕೆ ಬೇರೆ, ಎಚ್ಚರಿಕೆ ಬೇರೆ. ಅಂಜಿಕೆ ಕೈಯನ್ನು ಕಟ್ಟಿಹಾಕುತ್ತದೆ. ಎಚ್ಚರಿಕೆ ಕೈಯನ್ನು ನಡೆಸುತ್ತದೆ. ಮುಂದಿನ ಕೆಲವು ನಿಯಮಗಳು ವಿದ್ಯಾರ್ಥಿಗೆ ಉಸಿರಾಟದಷ್ಟು ಸಹಜವಾಗಬೇಕು. ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಕಾಯಿಸುವ ಪ್ರನಾಳದ ಬಾಯಿಯು ತನ್ನತ್ತಲೂ ಇರಬಾರದು, ಪಕ್ಕದವನತ್ತಲೂ ಇರಬಾರದು. ಮದ್ಯಸಾರವನ್ನು ನೇರ ಉರಿಯ ಮೇಲಿಡದೆ, ಬಿಸಿನೀರಿನ ಪಾತ್ರೆಯಲ್ಲಿ ಇರಿಸಿ ಕಾಯಿಸಬೇಕು. ಸ್ಪಿರಿಟ್ ದೀಪವನ್ನು ಊದಿ ಆರಿಸದೆ ಮುಚ್ಚಳದಿಂದ ಆರಿಸಬೇಕು. ಅನಿಲವನ್ನು ಮೂಗು ಹಚ್ಚಿ ಮೂಸದೆ ಕೈಯಿಂದ ಬೀಸಿಕೊಂಡು ವಾಸನೆ ನೋಡಬೇಕು. ಮೈಮೇಲೆ ಆಮ್ಲ ಬಿದ್ದರೆ ಕೂಡಲೇ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು, ಶಿಕ್ಷಕರಿಂದ ಮುಚ್ಚಿಡಬಾರದು. ಸೆರಗು, ಜಡೆ, ಸಡಿಲ ತೋಳುಗಳನ್ನು ಕಟ್ಟಿಕೊಂಡು ಉರಿಯ ಬಳಿಗೆ ಹೋಗಬೇಕು.

ಪರೀಕ್ಷೆಯ ದಿನ

ವರ್ಷವಿಡೀ ಹೀಗೆ ನಡೆದುಕೊಂಡು ಬಂದವನಿಗೆ ಪರೀಕ್ಷೆಯ ದಿನ ಹೊಸತೇನೂ ಇರುವುದಿಲ್ಲ. ಪ್ರಶ್ನೆಯನ್ನು ಎರಡು ಸಲ ಓದುವುದು, ಕೊಟ್ಟ ಸಾಮಗ್ರಿಗಳನ್ನು ಎಣಿಸಿಕೊಳ್ಳುವುದು, ಅಳತೆಗಳ ಕೋಷ್ಟಕವನ್ನು ಮೊದಲೇ ಗೆರೆ ಹಾಕಿಕೊಳ್ಳುವುದು, ಕಂಡ ಅಂಕೆಯನ್ನು ತತ್‌ಕ್ಷಣವೇ ಏಕಮಾನದೊಡನೆ ಬರೆಯುವುದು: ಇಷ್ಟು ಕ್ರಮವಿದ್ದರೆ ಸಾಕು. ಬರೆದ ಅಂಕೆ ತಪ್ಪೆನಿಸಿದರೆ ಅಳಿಸದೆ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆ. ಅಳತೆಪಾತ್ರೆಯಲ್ಲಿ ನೀರಿನ ಬಾಗಿದ ಮೇಲ್ಮೈಯ ತಳವನ್ನು ಕಣ್ಣಿನ ಸಮಕ್ಕೆ ತಂದು ಓದಬೇಕು. ಗಜೇಂದ್ರಗಡದ ನೇಕಾರರ ಮನೆಯ ಮಗುವಿಗೆ ಎಳೆಯನ್ನೆಣಿಸುವ ಕಣ್ಣು ಹುಟ್ಟಿನಿಂದಲೇ ಬಂದಿರುತ್ತದೆ. ಆ ಕಣ್ಣನ್ನೇ ಇಲ್ಲಿಗೂ ತರಬೇಕು.

ಮೌಖಿಕ ಪ್ರಶ್ನೆಗಳಿಗೆ ಚಿಕ್ಕ, ನೇರ ಉತ್ತರವೇ ಶೋಭೆ. ತಿಳಿಯದಿದ್ದರೆ "ಗೊತ್ತಿಲ್ಲರೀ ಸರ್" ಎನ್ನುವುದು ಅವಮಾನವಲ್ಲ. ಫಲಿತಾಂಶವು ಪುಸ್ತಕದಂತೆ ಬಾರದಿದ್ದರೆ, ಬಂದುದನ್ನೇ ಬರೆದು, ಏಕೆ ಹಾಗಾಗಿರಬಹುದೆಂದು ಒಂದು ವಾಕ್ಯದಲ್ಲಿ ಸೂಚಿಸಬೇಕು. ಆ ಒಂದು ವಾಕ್ಯಕ್ಕೆ ಬೆಲೆ ಕೊಡುವ ಔದಾರ್ಯವು ಪರೀಕ್ಷಕರಲ್ಲಿಯೂ ಇರಬೇಕಾದುದು ನ್ಯಾಯ.

ಶಾಲೆಯ ಹೊಣೆ, ಹಿತೈಷಿಗಳ ಹೊಣೆ

ಕೊನೆಯದಾಗಿ ಕಪಾಟಿನ ಕೀಲಿಕೈಯ ಮಾತು. ಉಪಕರಣ ಒಡೆದರೆ ಯಾರು ಉತ್ತರ ಕೊಡಬೇಕೆಂಬ ಭಯದಿಂದ ಎಷ್ಟೋ ಕಡೆಗಳಲ್ಲಿ ಗಾಜಿನ ಸಾಮಾನುಗಳು ಹೊಸದಾಗಿಯೇ ಹಳತಾಗುತ್ತವೆ. ಒಡೆಯದ ಪ್ರನಾಳವು ಬಳಸದ ಪ್ರನಾಳವೆಂದೇ ತಿಳಿಯಬೇಕು. ಕಟ್ಟಡಕ್ಕೆ, ಕೊಠಡಿಗೆ ದಾನ ಮಾಡುವ ಪುಣ್ಯವಂತರು ಎಂದಿನಿಂದಲೂ ಇದ್ದಾರೆ; ಅವರ ಹೆಸರು ಗೋಡೆಯ ಕಲ್ಲಿನಲ್ಲಿ ಶಾಶ್ವತವಾಗಿರುತ್ತದೆ. ಆದರೆ ಪ್ರತಿವರ್ಷ ಒಡೆಯುವ ಪ್ರನಾಳ, ಮುಗಿಯುವ ಲಿಟ್ಮಸ್ ಕಾಗದ, ತೀರುವ ಆಮ್ಲ, ಕೆಡುವ ವಿದ್ಯುತ್ಕೋಶಗಳಿಗೆಂದು ಒಂದು ಚಿಕ್ಕ ದತ್ತಿಯನ್ನಿಡುವ ದಾನಿಯ ಹೆಸರು ಯಾವ ಕಲ್ಲಿನಲ್ಲಿಯೂ ಇರದಿದ್ದರೂ ಮಕ್ಕಳ ಕೈಯಲ್ಲಿ ಇರುತ್ತದೆ. ಹಿರಿಯ ವಿದ್ಯಾರ್ಥಿಗಳಲ್ಲಿ ವೈದ್ಯರು, ಅಭಿಯಂತರರು, ಕೃಷಿ ಪದವೀಧರರು ಅನೇಕರಿದ್ದಾರೆ. ಅವರು ವರ್ಷದಲ್ಲಿ ಒಂದು ದಿನ ತಮ್ಮ ಹಳೆಯ ಶಾಲೆಗೆ ಬಂದು, ಮಕ್ಕಳ ಪಕ್ಕದಲ್ಲಿ ನಿಂತು ಒಂದು ಪ್ರಯೋಗವನ್ನು ಮಾಡಿಸಿದರೆ ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಬೇರೊಂದಿಲ್ಲ.

ಅಜ್ಜನು ಹಗೇವಿನೊಳಗೆ ಕಂದೀಲನ್ನು ಇಳಿಸಿದುದು ಅಂಕಗಳಿಗಾಗಿ ಅಲ್ಲ. ಒಳಗಿಳಿಯುವವನ ಜೀವವು ಆ ದೀಪದ ಮೇಲೆ ನಿಂತಿದ್ದಿತು. ದೀಪ ಆರಿದ್ದರೂ 'ಉರಿಯುತ್ತಿದೆ' ಎಂದು ಮೇಲಿನವನು ಹೇಳಿದ್ದರೆ ಏನಾಗುತ್ತಿತ್ತು? ಕಂಡುದನ್ನು ಕಂಡಂತೆ ಹೇಳಬೇಕೆಂಬ ಕಟ್ಟಳೆಯು ಅಲ್ಲಿ ಪರೀಕ್ಷೆಯ ನಿಯಮವಾಗಿರದೆ ಬದುಕಿನ ನಿಯಮವಾಗಿದ್ದಿತು. ಅದೇ ಕಟ್ಟಳೆಯು ಪ್ರಯೋಗಶಾಲೆಯ ಮೇಜಿನ ಮೇಲೆಯೂ ನಿಂತಾಗ ರೋಣ, ನರಗುಂದ, ಗಜೇಂದ್ರಗಡಗಳ ಮಕ್ಕಳು ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದರ ಜೊತೆಗೆ, ಪರೀಕ್ಷಿಸಬಲ್ಲವರೂ ಆಗುವರು. ಅಂತಹ ದಿನಗಳು ಬೇಗನೆ ಬರಲೆಂಬುದೇ ಶಿಕ್ಷಣಪ್ರೇಮಿಗಳೆಲ್ಲರ ಹಾರೈಕೆಯಾಗಿರಬೇಕು.